ಎರಡೂ 12 ಪರ್ಸೆಂಟ್, ಆದ್ರೆ ಒಂದೇ ಅಲ್ಲ

ಬಳ್ಳಾರಿಯ ಕೌಲ್ ಬಜಾರ್ ಕಡೆ ಮನೆಯಲ್ಲೇ ಜೀನ್ಸ್ ಹೊಲಿಯುವ ಒಬ್ಬ ಅಕ್ಕ ಹೊಸ ಮಷಿನ್‌ಗೆ ಸಾಲ ಹುಡುಕುತ್ತಿದ್ದಾರೆ. ಎರಡು ಕಡೆ ವಿಚಾರಿಸಿ ಬಂದಿದ್ದರು. ಎರಡರಲ್ಲೂ 1 ಲಕ್ಷ, 12 ಪರ್ಸೆಂಟ್, 12 ಕಂತು. "ಎಲ್ಲಿ ತಗೊಂಡ್ರೂ ಅಷ್ಟೇ ಅಲ್ವಾ?" ಅಂದರು.

ಅಷ್ಟೇ ಅಲ್ಲ. ಒಂದು ಫ್ಲಾಟ್ ರೇಟ್, ಇನ್ನೊಂದು ರೆಡ್ಯೂಸಿಂಗ್ ರೇಟ್.

ಫ್ಲಾಟ್‌ನಲ್ಲಿ ಅಸಲು ತೀರುತ್ತಾ ಬಂದರೂ ಬಡ್ಡಿ ಪೂರ್ತಿ 1 ಲಕ್ಷದ ಮೇಲೇ ಬೀಳುತ್ತದೆ. ಕಂತು 9,333 ರೂಪಾಯಿ, ಒಟ್ಟು ಬಡ್ಡಿ 12,000. ರೆಡ್ಯೂಸಿಂಗ್‌ನಲ್ಲಿ ಉಳಿದ ಅಸಲಿಗಷ್ಟೇ ಬಡ್ಡಿ. ಕಂತು 8,885, ಒಟ್ಟು ಬಡ್ಡಿ ಸುಮಾರು 6,600.

ಕೊನೆಯ ಕಂತನ್ನೇ ನೋಡಿ. ರೆಡ್ಯೂಸಿಂಗ್‌ನಲ್ಲಿ ಆ ತಿಂಗಳ ಬಡ್ಡಿ ಬರೀ 88 ರೂಪಾಯಿ. ಫ್ಲಾಟ್‌ನಲ್ಲಿ ಆಗಲೂ 1,000! ಸಾಲ ಹೆಚ್ಚುಕಡಿಮೆ ತೀರಿದೆ, ಬಡ್ಡಿ ಮಾತ್ರ ಒಂದು ರೂಪಾಯಿನೂ ಇಳಿದಿಲ್ಲ. ರೆಡ್ಯೂಸಿಂಗ್ ಲೆಕ್ಕಕ್ಕೆ ತಂದರೆ ಈ ಫ್ಲಾಟ್ 12 ಅನ್ನೋದು ಸುಮಾರು 21.5 ಪರ್ಸೆಂಟ್ ಆಗುತ್ತದೆ. ದಿನವಿಡೀ ಮಷಿನ್ ಮುಂದೆ ಕೂತು ದುಡಿಯುವವರಿಗೆ ಇದನ್ನು ಯಾರೂ ಬಿಡಿಸಿ ಹೇಳಲ್ಲ. ನನಗೆ ಸಂಕಟ ಆಗೋದು ಅದಕ್ಕೇ.

2024ರ ಅಕ್ಟೋಬರ್ 1ರಿಂದ ಆರ್‌ಬಿಐ ನಿಯಮ ಇದೆ. ಬ್ಯಾಂಕ್ ಇರಲಿ, ಫೈನಾನ್ಸ್ ಕಂಪನಿ ಇರಲಿ, ಇಂಥ ಸಾಲಕ್ಕೆ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಅಂದರೆ ಸಾಲದ ಮುಖ್ಯ ವಿವರಗಳಿರುವ ಕಾಗದ, ಕೊಡಲೇಬೇಕು, ಅದೂ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ. ಅದರಲ್ಲಿ ಎಪಿಆರ್ ಅಂತ ಇರುತ್ತದೆ. ಫೀಸು ಗೀಸು ಎಲ್ಲ ಸೇರಿ ವರ್ಷಕ್ಕೆ ಬೀಳುವ ನಿಜವಾದ ದರ ಅದು. ಎರಡೂ ಕಡೆಯಿಂದ ಆ ಕಾಗದ ಇಸ್ಕೊಂಡು ಬನ್ನಿ, ಆಮೇಲೆ ಸಹಿ ಮಾಡಿ ಅಂತ ಅಕ್ಕನಿಗೆ ಹೇಳಿದ್ದೇನೆ.