ಕಿವಿಯ ಮಷೀನು ಮತ್ತು ಕಸಿದ ಚೆಂಡು

ಮಗಳು ಮೂರನೆಯ ತರಗತಿಯಲ್ಲಿದ್ದಾಗ, ಒಂದು ಸಂಜೆ ಅವಳ ಕಿವಿಯ ಮಷೀನು ಕಂಪಾಸ್ ಪೆಟ್ಟಿಗೆಯೊಳಗೆ ಕರವಸ್ತ್ರದಲ್ಲಿ ಸುತ್ತಿಟ್ಟಂತೆ ನನಗೆ ಸಿಕ್ಕಿತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹಲವು ಬಾರಿ ಹೋಗಿ, ಪರೀಕ್ಷೆಗಳನ್ನೆಲ್ಲ ಮುಗಿಸಿ ಹಾಕಿಸಿಕೊಂಡು ಬಂದಿದ್ದ ಮಷೀನು ಅದು. ಜಯನಗರದ ನಮ್ಮ ಮನೆಯಿಂದ ಹೊರಡುವಾಗ ಹಾಕಿಕೊಂಡಿರುತ್ತಿದ್ದವಳು ಶಾಲೆಯ ಗೇಟು ಬಂದೊಡನೆ ತೆಗೆದಿಡುತ್ತಿದ್ದಳು. "ಹುಡುಗಿಗೆ ಗಮನವೇ ಇಲ್ಲ" ಎಂದು ತರಗತಿಯಿಂದ ಪದೇ ಪದೇ ದೂರು ಬರುತ್ತಿದ್ದುದು ಏಕೆಂದು ಅಂದು ತಿಳಿಯಿತು.

ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ತಮಿಕಾ ಕ್ಯಾಚಿಂಗ್ಸ್ ಅವರ ಬಗ್ಗೆ ನಾನು ಮೊದಲು ಓದಿದ್ದು ಆ ದಿನಗಳಲ್ಲಿ. 1979ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಹುಟ್ಟಿದ ಅವರಿಗೆ ಎರಡೂ ಕಿವಿಗಳಲ್ಲಿ ಹುಟ್ಟಿನಿಂದಲೇ ಶ್ರವಣದೋಷವಿತ್ತು. ತಂದೆ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗಾದ ಎನ್‌ಬಿಎಯ ಆಟಗಾರರಾಗಿದ್ದರೂ, ಶಾಲೆಯಲ್ಲಿ ಮಕ್ಕಳು ಅವರ ಮಾತಿನ ಉಚ್ಚಾರಣೆಯನ್ನೂ ಕಿವಿಗೆ ತೊಟ್ಟ ದೊಡ್ಡ ಮಷೀನನ್ನೂ ಹಿಡಿದು ಗೇಲಿ ಮಾಡುವುದನ್ನು ಬಿಡಲಿಲ್ಲ. ಒಂದು ದಿನ ಮನೆಗೆ ಮರಳುವ ದಾರಿಯಲ್ಲಿ ಆ ಪುಟ್ಟ ಹುಡುಗಿ ಮಷೀನನ್ನು ಹುಲ್ಲಿನೊಳಗೆ ಎಸೆದುಬಿಟ್ಟಳು. ಮತ್ತೆ ಹುಡುಕಿದರೆ ಸಿಗಲಿಲ್ಲ, ಹೆತ್ತವರು ಹೊಸದನ್ನು ಕೊಡಿಸಲೂ ಇಲ್ಲ. ಅಲ್ಲಿಂದ ಕಾಲೇಜು ಸೇರುವವರೆಗೆ ಅವಳು ತುಟಿಯ ಚಲನೆಯನ್ನು ಓದುತ್ತ, ಮೊದಲ ಸಾಲಿನಲ್ಲಿ ಕುಳಿತು, ಪಾಠವನ್ನು ಮೊದಲೇ ಓದಿಕೊಂಡು ಕಲಿತಳು. ಟೆನೆಸೀ ವಿಶ್ವವಿದ್ಯಾಲಯದ ತರಬೇತುದಾರರಾದ ಪ್ಯಾಟ್ ಸಮಿಟ್ ಅವರೇ ಅವಳನ್ನು ಒಪ್ಪಿಸಿ ಮತ್ತೆ ಮಷೀನು ಹಾಕಿಸಿದ್ದು.

ತಮಿಕಾ ಅವರ ಕ್ರೀಡಾಬದುಕಿನ ಅಂಕಿಅಂಶಗಳು ದೊಡ್ಡವು. 2001ರ ಜನವರಿಯಲ್ಲಿ ಮೊಣಕಾಲಿನ ಎಸಿಎಲ್ ಎಂಬ ಅಸ್ಥಿಬಂಧ ಹರಿದುಹೋಯಿತು. ಆದರೂ ಮಹಿಳೆಯರ ವೃತ್ತಿಪರ ಲೀಗಾದ ಡಬ್ಲ್ಯೂಎನ್‌ಬಿಎಯ ಇಂಡಿಯಾನಾ ಫೀವರ್ ತಂಡ ಅದೇ ವರ್ಷ ಅವರನ್ನು ಆಯ್ದುಕೊಂಡಿತು, ಒಂದಿಡೀ ಋತು ಹೊರಗೆ ಕುಳಿತ ಮೇಲೆ 2002ರಲ್ಲಿ ವರ್ಷದ ಹೊಸ ಆಟಗಾರ್ತಿ ಎನಿಸಿದರು. 2007ರಲ್ಲಿ ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜು ಹರಿಯಿತು, ಮರುವರ್ಷವೇ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಒಟ್ಟು ನಾಲ್ಕು ಒಲಿಂಪಿಕ್ ಚಿನ್ನಗಳು. 2012ರಲ್ಲಿ ಫೀವರ್ ತಂಡಕ್ಕೆ ಮೊದಲ ಡಬ್ಲ್ಯೂಎನ್‌ಬಿಎ ಪ್ರಶಸ್ತಿ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ ಸಂಖ್ಯೆ ಬೇರೆ. 2016ರಲ್ಲಿ ನಿವೃತ್ತರಾಗುವಾಗ ಎದುರಾಳಿಯ ಕೈಯಿಂದ ಚೆಂಡು ಕಸಿದವರ ಪಟ್ಟಿಯಲ್ಲಿ ಆ ಲೀಗಿನ ಇತಿಹಾಸದಲ್ಲೇ ಅವರು ಮೊದಲಿಗರಾಗಿದ್ದರು: 1,074 ಬಾರಿ. ವರ್ಷದ ಶ್ರೇಷ್ಠ ರಕ್ಷಣಾ ಆಟಗಾರ್ತಿ ಎಂಬ ಗೌರವ ಐದು ಸಲ ಸಂದಿತ್ತು. ಚೆಂಡು ಕಸಿಯಲು ವೇಗವೊಂದೇ ಸಾಲದು. ಪಾಸ್ ಎತ್ತ ಹೋಗಲಿದೆ ಎಂಬುದನ್ನು ಎದುರಾಳಿಯ ಭುಜದಲ್ಲಿ, ಕಣ್ಣಿನಲ್ಲಿ, ಚೆಂಡು ಹೊರಡುವ ಮೊದಲೇ ಕಾಣಬೇಕು. ಇತರರ ಮುಖ ನೋಡಿಯೇ ಮಾತು ತಿಳಿಯಬೇಕಾಗಿದ್ದ ಬಾಲ್ಯ ಅವರಿಗೆ ಆ ನೋಟವನ್ನು ಕೊಟ್ಟಿತೆಂದು ನಾನು ನಂಬಿದ್ದೇನೆ. ಹಾಗಾದರೆ ನನ್ನ ಮಗಳೂ ದಿನವಿಡೀ ಗಮನವಿಟ್ಟೇ ಕುಳಿತಿರುತ್ತಿದ್ದಳಲ್ಲವೇ, ನಮಗಿಂತ ಹೆಚ್ಚಾಗಿಯೇ?

ಮಗಳು ಮೂರನೆಯ ತರಗತಿಯಲ್ಲಿದ್ದ ಅದೇ ವರ್ಷ, 2017ರ ಜುಲೈಯಲ್ಲಿ, ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ನಮ್ಮ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲೇ ನಡೆದವು. ಭಾರತ 75–73ರಿಂದ ಕಜಕಸ್ತಾನವನ್ನು ಮಣಿಸಿ ಮೇಲಿನ ವಿಭಾಗಕ್ಕೇರಿದ ಅಂತಿಮ ಪಂದ್ಯಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೂಗಾಟದಲ್ಲಿ ಪಕ್ಕದವರ ಮಾತೂ ನನಗೆ ಕೇಳಿಸುತ್ತಿರಲಿಲ್ಲ. ಅಂಕಣದಲ್ಲಿದ್ದವರು ಬೆರಳುಗಳನ್ನೆತ್ತಿ, ಹುಬ್ಬು ಕುಣಿಸಿ, ತಲೆಯಾಡಿಸಿ ಒಬ್ಬರಿಗೊಬ್ಬರು ಸನ್ನೆ ಮಾಡುತ್ತಿದ್ದುದನ್ನು ನನಗೆ ತೋರಿಸಿಕೊಟ್ಟವಳು ಮಗಳೇ. ಮುಂದಿನ ವಾರ ಬಡಾವಣೆಯ ಅಂಕಣಕ್ಕೆ ಸೇರಿಸೆಂದು ಹಟ ಹಿಡಿದಳು.

ಈಗ ಅವಳಿಗೆ ಹದಿನಾರು. ಮಷೀನು ಜಾರದಂತೆ ಅದರ ಮೇಲೆ ತಲೆಪಟ್ಟಿ ಕಟ್ಟಿಕೊಂಡು ಆಡುತ್ತಾಳೆ. ಬೆವರಿಗೆ ಅದು ಕೈಕೊಟ್ಟ ದಿನ ಮಷೀನಿಲ್ಲದೆಯೂ ಆಡಿದ್ದಾಳೆ. ಕಳೆದ ಭಾನುವಾರದ ಪಂದ್ಯದಲ್ಲಿ ಅವಳ ತಂಡ ಸೋತಿತು, ಆದರೆ ಅವಳು ಒಬ್ಬಳೇ ಎದುರಾಳಿಯಿಂದ ಮೂರು ಬಾರಿ ಚೆಂಡು ಕಸಿದಳು. ಮನೆಗೆ ಬರುವಾಗ ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಂತಾಗ, ನನಗೆ ಮುಖ ಕಾಣಲೆಂದು ಹಿಂದಿನಿಂದ ಬಾಗಿ ಹೇಳಿದಳು: "ಅಮ್ಮಾ, ಏಳನೇ ನಂಬರಿನವಳು ಪಾಸ್ ಕೊಡೋ ಮೊದಲು ಯಾವಾಗಲೂ ತುಟಿ ಕಚ್ಚುತ್ತಾಳೆ."