ಪುಟ್ಟಿಯ ಹಲ್ಲು

17 ನವೆಂಬರ್ 2024, ಭಾನುವಾರ

ಪುಟ್ಟಿ ಇವತ್ತು ಮತ್ತೆ ಕಚ್ಚಿದಳು. ಈ ಸಲ ಅಕ್ಕನ, ಅಂದರೆ ನನ್ನ ಓರಗಿತ್ತಿಯ, ಮಗನ ತೋಳಿಗೆ. ಹಲ್ಲಿನ ಗುರುತು ಕೆಂಪಗೆ ಎದ್ದಿತ್ತು. ಚರ್ಮ ಒಡೆದಿರಲಿಲ್ಲ, ಪುಣ್ಯ. ಮೊದಲು ಅವನನ್ನು ಎತ್ತಿಕೊಂಡು ಸೋಪು ನೀರಲ್ಲಿ ತೊಳೆದೆ. ಆಮೇಲೆ ಇವಳ ಮುಂದೆ ಕೂತು "ಕಚ್ಚಬಾರದು, ಅಣ್ಣನಿಗೆ ನೋವು" ಅಂದೆ. ಅಷ್ಟೇ. ಎರಡು ವರ್ಷವೂ ತುಂಬದವಳಿಗೆ ಅದಕ್ಕಿಂತ ಉದ್ದದ ಭಾಷಣ ತಲೆಗೆ ಹೋಗುವುದಿಲ್ಲ. ಅವನು ಸುಮ್ಮನಾದ ಮೇಲೂ ಇವಳು ಅಳುತ್ತಲೇ ಇದ್ದಳು.

ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದವರೆಲ್ಲ ಕೈ ನಿಲ್ಲಿಸಿ ನೋಡಿದರು. ಒಬ್ಬೊಬ್ಬರದು ಒಂದೊಂದು ಔಷಧಿ. ಬಾಯಿಗೆ ಮೆಣಸಿನಪುಡಿ ಮುಟ್ಟಿಸು. ಕೆನ್ನೆಗೊಂದು ಬಿಡು. ಅತ್ತೆ ಅಂತೂ, "ನೀನೂ ಒಂದ್ಸಲ ತಿರುಗಿ ಕಚ್ಚು ಮಾರಾಯ್ತಿ. ನೋವು ಅಂದ್ರೆ ಎಂತದು ಅಂತ ಗೊತ್ತಾಗ್ತದೆ" ಅಂದರು.

"ಅಮ್ಮನೇ ಕಚ್ಚಿದ್ರೆ, ಓ ಕಚ್ಚಬಹುದು ಅಂತ ತಾನೇ ಅವಳು ತಿಳ್ಕೊಳ್ಳೋದು?"

"ನಾವು ಹಾಗೇ ಬಿಡಿಸಿದ್ದು."

"ಯಾರಿಗೆ ಬಿಡಿಸಿದ್ರಿ ಅತ್ತೆ?"

"ಇನ್ಯಾರಿಗೆ, ನಿನ್ನ ಗಂಡನಿಗೆ. ಅವರಣ್ಣನ ಕಿವಿ ಕಚ್ಚಿ ಹಿಡ್ಕೊಂಡಿದ್ದ. ಎಳೆದು ಬಿಡಿಸೋಕೆ ಇಬ್ಬರು ಬೇಕಾಯ್ತು."

"ನೀವು ತಿರುಗಿ ಕಚ್ಚಿದ ಮೇಲೆ ಬಿಟ್ರಾ?"

"ಎಲ್ಲಿ ಬಿಟ್ಟ! ಮಾತು ಸಮ ಬಂದ ಮೇಲೆ ತಾನಾಗೇ ನಿಂತ್ತು."

ಹೇಳಿದ ಮೇಲೆ ಅತ್ತೆಗೇ ನಗು ಬಂತು. ಅಪ್ಪ ಕಚ್ಚಿದ್ದು ಭಾವನನ್ನು, ಮಗಳು ಭಾವನ ಮಗನನ್ನು. ಅಕ್ಕ ಮಾತ್ರ ನಗಲಿಲ್ಲ. ಯಾಕೆ ನಗಬೇಕು? ಕಚ್ಚಿಸಿಕೊಂಡದ್ದು ಅವರ ಮಗು. "ಒಂದೇ ಮಗು ಅಲ್ವಾ, ಹಂಚ್ಕೊಳ್ಳೋದು ಗೊತ್ತಿಲ್ಲ" ಅಂದು ಒಳಗೆ ಹೋದರು. ನಾನು ಉತ್ತರ ಕೊಡಲಿಲ್ಲ. ಈ ವಯಸ್ಸಿನಲ್ಲಿ ಹಂಚಿಕೊಳ್ಳೋದು ಯಾವ ಮಗುವಿಗೆ ಬರುತ್ತದೆ? ಪಕ್ಕಪಕ್ಕ ಕೂತರೂ ತಮ್ಮ ಪಾಡಿಗೆ ತಾವು ಆಡುತ್ತಾರೆ. ಒಂದು ವರ್ಷದಿಂದ ಮೂರರ ತನಕ ಕಚ್ಚುವ ಮಕ್ಕಳು ಬೇಕಾದಷ್ಟಿದ್ದಾರೆ. ಅದನ್ನೆಲ್ಲ ಅಕ್ಕನ ಎದುರು ಈಗ ಹೇಳಿದರೆ ಸಮರ್ಥನೆ ಆಗುತ್ತದೆ ಅಷ್ಟೇ.

ಕರೆಂಟ್ ಬೇರೆ ಹೋಯಿತು.

ಅವಳು ಮಲಗಿದ ಮೇಲೆ ಒಂದು ಹೊಳೆಯಿತು. ಇವಳು ಬೆಳಗ್ಗೆ ಕಚ್ಚುವುದಿಲ್ಲ. ಸಂಜೆಯೇ ಕಚ್ಚುವುದು. ಅದೂ ಅಡಿಕೆ ಗೊನೆ ಕೊಯ್ಲು ಶುರುವಾದ ಮೇಲೆ. ಅಂಗಳಕ್ಕೆ ಇಳಿದರೆ ಬೇಡ, ಅಡಿಕೆ ಬೇಯುವ ಹಂಡೆ ಇದೆ. ಜಗಲಿಗೆ ಬಂದರೆ ಬೇಡ, ಸಾಲಾಗಿ ಅಡಿಕೆ ಸುಲಿಯುವ ಮೆಟ್ಟುಗತ್ತಿ. ಅಡಿಕೆ ಬೇಯಿಸಿದ ಚೊಗರು ನೀರು ಮುಟ್ಟಬೇಡ, ಹಣ್ಣಡಿಕೆ ಒಣಗಿದ ಗೋಟು ಬಾಯಿಗೆ ಹಾಕಬೇಡ, ಗಂಟಲಿಗೆ ಸಿಕ್ಕುತ್ತದೆ. ಒಂದೂ ಸುಳ್ಳು ಹೆದರಿಕೆಯಲ್ಲ. ಆದರೆ ದೀಪಾವಳಿ ತನಕ ಇಡೀ ಮನೆ ಸುತ್ತುತ್ತಿದ್ದವಳಿಗೆ ಈಗ ಉಳಿದಿರುವುದು ನಡುಮನೆ ಮಾತ್ರ. ಅಲ್ಲಿ ಅವಳು ಹಿಡಿದುಕೊಂಡಿದ್ದ ಡಬ್ಬಿಯನ್ನೂ ಅಣ್ಣ ಕಿತ್ತುಕೊಂಡ. ಬೈಯಲು ಬಾಯಲ್ಲಿ ಇರುವುದು ಅಮ್ಮ, ಅಜ್ಜ, ಅಂಬಾ, ಬಾ. ಇದರಲ್ಲಿ ಜಗಳ ಮಾಡುವುದು ಹೇಗೆ? "ಕೊಡು" ಅಂತ ಕೈ ಚಾಚುವುದನ್ನಾದರೂ ನಾಳೆಯಿಂದ ಆಡಿಸುತ್ತಾ ಕಲಿಸಬೇಕು.

ನಿದ್ದೆಯೂ ಕೆಟ್ಟಿದೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಈ ಗಲಾಟೆಯಲ್ಲಿ ಮಧ್ಯಾಹ್ನ ಕಣ್ಣು ಮುಚ್ಚಿದರೆ ತಾನೇ? ಹಲ್ಲಿನ ಕಾಟವೂ ಇರಬಹುದು. 20 ಹಾಲುಹಲ್ಲಿನಲ್ಲಿ ಕೊನೆಯ ನಾಲ್ಕು ದವಡೆ ಹಲ್ಲು ಬರುವುದು ಎರಡು ವರ್ಷದ ಆಸುಪಾಸಿನಲ್ಲೇ. ಬೆರಳು ಹಾಕಿ ನೋಡಿದೆ. ಕೆಳಗೆ ಎಡಗಡೆ ವಸಡು ಉಬ್ಬಿದ ಹಾಗಿದೆ. ನಿದ್ದೆಯಲ್ಲೇ ನನ್ನ ಬೆರಳನ್ನೂ ಕಚ್ಚಿದಳು, ಬಿಡಿ.

ನಾಳೆ ಮತ್ತೆ ಬೇಯಿಸುವುದಿದೆ. ಹಿತ್ತಿಲಲ್ಲಿ ಅವಳಿಗೆ ಒಂದು ಜಾಗ ಮಾಡಿಕೊಡಬೇಕು. ಬೋಗುಣಿಯಲ್ಲಿ ನೀರು, ಎರಡು ಲೋಟ. ಯಾರೂ ಬೇಡ ಅನ್ನದ ಒಂದು ಗಂಟೆ. ಅತ್ತೆಗೆ ಹೇಳಿದರೆ ಥಂಡಿ ಆಗ್ತದೆ ಅಂತಾರೆ. ನೀರು ಅಂದಮೇಲೆ ದೊಡ್ಡವರೊಬ್ಬರು ಪಕ್ಕದಲ್ಲೇ ಇರಬೇಕು. ಅಜ್ಜನನ್ನು ಕೂರಿಸೋಣ ಅಂದರೆ ಅವರಿಗೆ ಕೂತಲ್ಲೇ ನಿದ್ದೆ. ಹಾಗಾದರೆ ನೀರು ಬೇಡ, ಮಣ್ಣು ಸಾಕು. ಆದರೆ ಹಿತ್ತಿಲ ಮಣ್ಣಲ್ಲಿ ಇನ್ನೂ ಉಂಬಳ (ಜಿಗಣೆ) ಇದೆಯಾ ಅಂತ ನೋಡಬೇಕು.