ಜ್ವರ ಬಿಟ್ಟ ಮೇಲಿನ ಎರಡು ದಿನ

ಸೆಪ್ಟೆಂಬರ್ 8, 2024, ಭಾನುವಾರ

ಅಕ್ಕನ ಮಗನಿಗೆ ಡೆಂಗಿ. ಬುಧವಾರ ಬಂದ ಜ್ವರ ಇವತ್ತು ಬೆಳಿಗ್ಗೆ ಬಿಟ್ಟಿದೆ. ನಾನು ಹೋದಾಗ ಹುಡುಗ ಮಹಡಿ ರೂಮಿನಲ್ಲಿ ಒಬ್ಬನೇ ಇದ್ದ. ಬಾಗಿಲಾಚೆ ಸ್ಟೂಲಿನ ಮೇಲೆ ಗಂಜಿ, ಅವನ ಬೆರಳಿಗೆ ಆಕ್ಸಿಮೀಟರ್. "98 ತೋರಿಸ್ತಿದೆ, ಜ್ವರಾನೂ ಇಲ್ಲ, ಇನ್ನೇನು ಭಯ?" ಅಂದಳು ಅಕ್ಕ.

ನನಗೆ ಭಯ ಶುರುವಾದದ್ದೇ ಆಗ. ಕೊರೊನಾ ಕಾಲದ ಅಭ್ಯಾಸಗಳು ಆ ಮನೆಯಲ್ಲಿ ಹಾಗೇ ಉಳಿದಿವೆ, ಈ ಕಾಯಿಲೆಗೆ ಅವು ಒಗ್ಗುವುದಿಲ್ಲ. ಕೊರೊನಾ ಶ್ವಾಸಕೋಶಕ್ಕೆ ಇಳಿಯುತ್ತಿತ್ತು, ಅದಕ್ಕೆ ಆಕ್ಸಿಜನ್ ನೋಡುವುದು ಸರಿ. ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತಿಗೇ ಕೆಲವರಿಗೆ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಆ 24ರಿಂದ 48 ಗಂಟೆಯೇ ಗಂಡಾಂತರದ್ದು. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಒಸಡಿನಲ್ಲಿ ರಕ್ತ, ತಣ್ಣಗಾಗುವ ಕೈಕಾಲು, ಕಡಿಮೆಯಾಗುವ ಮೂತ್ರ: ಇವುಗಳಲ್ಲಿ ಯಾವುದನ್ನೂ ಆಕ್ಸಿಮೀಟರ್ ಹೇಳುವುದಿಲ್ಲ. ಎಲ್ಲರೂ ಪ್ಲೇಟ್‌ಲೆಟ್ ಸಂಖ್ಯೆಯನ್ನೇ ಕೇಳುತ್ತಾರೆ. ಅದರ ಜೊತೆಗೆ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು, ಏರುತ್ತಿದೆಯಾ ಎಂದೂ ಕೇಳಬೇಕು, ಸೋರಿಕೆ ಗೊತ್ತಾಗುವುದು ಅದರಲ್ಲಿ. ಮೈಕೈ ನೋವಿಗೆಂದು ತಂದಿಟ್ಟಿದ್ದ ಐಬುಪ್ರೊಫೇನ್ ತೆಗೆಸಿದೆ. ಅದರಿಂದ ರಕ್ತಸ್ರಾವದ ಅಪಾಯ ಹೆಚ್ಚು. ಡೆಂಗಿಗೆ ಪ್ಯಾರಾಸಿಟಮಾಲ್ ಸಾಕು.

ಶುರುವಿನಲ್ಲಿ ಡೆಂಗಿ, ಕೊರೊನಾ ಎರಡೂ ಒಂದೇ ಥರ ಕಾಣುತ್ತವೆ ನಿಜ. 2020ರಲ್ಲಿ ಸಿಂಗಪುರದಲ್ಲಿ ಇಬ್ಬರಿಗೆ ಕಾರ್ಡ್ ಟೆಸ್ಟಿನಲ್ಲಿ ಡೆಂಗಿ ಎಂದು ಬಂದು, ಕೊನೆಗೆ ಅದು ಕೋವಿಡ್ ಎಂದು ಗೊತ್ತಾಗಿತ್ತು. ನಮ್ಮ ಹುಡುಗನಿಗೆ ಶುಕ್ರವಾರವೇ ಡೆಂಗಿ ವೈರಸ್ಸನ್ನೇ ಗುರುತಿಸುವ ರಕ್ತಪರೀಕ್ಷೆ ಎನ್‌ಎಸ್‌1 ಪಾಸಿಟಿವ್ ಬಂದಿತ್ತು, ಅನುಮಾನವಿರಲಿಲ್ಲ.

"ಅಕ್ಕಾ, ಇವನ ಪಕ್ಕ ಕೂತರೆ ನಿನಗೇನೂ ಅಂಟಲ್ಲ, ಸೊಳ್ಳೆ ಪರದೆ ಕಟ್ಟು" ಎಂದೆ. ಅವಳ ಅತ್ತೆ ನಂಬಲಿಲ್ಲ. ಇವನನ್ನು ಕಚ್ಚಿದ ಸೊಳ್ಳೆಯೊಳಗೆ ವೈರಸ್ ಬಲಿಯಲು ಎಂಟು-ಹತ್ತು ದಿನ ಬೇಕು, ಆಮೇಲೆ ಅದು ಮನೆಯವರನ್ನೆಲ್ಲ ಕಚ್ಚಬಹುದು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಕಚ್ಚುವುದು ಹಗಲಲ್ಲಿ, ಹಾಗಾಗಿ ಪರದೆ ಹಗಲಿಗೂ ಬೇಕು ಎಂದು ವಿವರಿಸಿದ ಮೇಲೆ ಅವರೇ ಹಳೆಯ ಪರದೆ ಹುಡುಕಿ ಕೊಟ್ಟರು.

ಫ್ರಿಜ್ ಹಿಂದಿನ ತಟ್ಟೆ ಎಳೆದು ನೋಡಿದೆವು. ಎರಡು ಬೆರಳಿನಷ್ಟು ತಿಳಿನೀರು, ಅದರಲ್ಲಿ ತಲೆಕೆಳಗಾಗಿ ನೇತಾಡುವ ಮರಿಹುಳುಗಳು, ತಟ್ಟೆ ಅಲುಗಿದೊಡನೆ ಕೊಂಕುತ್ತಾ ತಳಕ್ಕೆ. ನೀರು ಚೆಲ್ಲಿದರಷ್ಟೇ ಸಾಲದು, ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕುತ್ತವೆ. ಭಾವ ಬ್ರಷ್ ಹಾಕಿ ಉಜ್ಜಿದರು.

ಸರ್ಕಾರ ಮೊನ್ನೆ ಡೆಂಗಿಯನ್ನು ಸಾಂಕ್ರಾಮಿಕ ಎಂದು ಘೋಷಿಸಿದೆ, ಸೊಳ್ಳೆ ಬೆಳೆಸುವ ಮನೆಗಳಿಗೆ ನಗರದಲ್ಲಿ 400 ರೂಪಾಯಿ ದಂಡ. ನನಗೆ ಸರಿಯೆನಿಸಿತು. ಪಕ್ಕದ ಮನೆಯ ನೀರಿನ ಸಂಪ್‌ಗೆ ಮುಚ್ಚಳವೇ ಇಲ್ಲ. ನಾಳೆ ಹುಡುಗನ ರಕ್ತ ಪರೀಕ್ಷೆ ಮುಗಿಸಿ ಬರುವಾಗ ಅವರ ಹತ್ತಿರ ಮಾತಾಡುತ್ತೇನೆ ಎಂದಿದ್ದಾರೆ ಭಾವ.